ಆಕಾಶ ಕಾಣುವ ಬಚ್ಚಲು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಬಚ್ಚಲಿನ ಚಿಲಕವನ್ನು. ಗೃಹಪ್ರವೇಶಕ್ಕೆ ಕರೆದವರು, ಪಾಪ, ದೇವರಮನೆ ತೋರಿಸುತ್ತಾರೆ, ಅಡುಗೆಮನೆಯಲ್ಲಿ ಹೊಗೆ ಹೀರುವ ಯಂತ್ರ ತೋರಿಸುತ್ತಾರೆ, ಬೀರುವಿನ ಬಾಗಿಲು ತೆಗೆದರೆ ಒಳಗೆ ತಾನಾಗಿ ದೀಪ ಹತ್ತುವುದನ್ನು ಎರಡೆರಡು ಸಲ ತೋರಿಸುತ್ತಾರೆ. ನಾನು ಎಲ್ಲಕ್ಕೂ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಲೇ ಮೆಲ್ಲಗೆ ಬಚ್ಚಲಿಗೆ ನುಗ್ಗಿ, ಬಾಗಿಲು ಹಾಕಿ, ಚಿಲಕ ಎಳೆದು, ಒಮ್ಮೆ ಅಲ್ಲಾಡಿಸಿ ನೋಡುತ್ತೇನೆ. ಚಿಲಕ ಗಟ್ಟಿಯಿದ್ದರೆ ಆ ಮನೆಯವರ ಮೇಲೆ ನನಗೆ ಗೌರವ. ಸಡಿಲವಿದ್ದರೆ ಅವರು ಬೆಳ್ಳಿ ತಟ್ಟೆಯಲ್ಲಿ ಹೋಳಿಗೆ ಬಡಿಸಿದರೂ ನನಗೆ ಅದು ಮನೆಯಲ್ಲ, ಛತ್ರ.

ಹೋದ ವರ್ಷ ಪುಟ್ಟೇನಹಳ್ಳಿಯಲ್ಲಿ ಕೆರೆಗೆ ಮುಖಮಾಡಿ ಮನೆ ಕಟ್ಟಿಸಿದ ನಮ್ಮ ಮೈದುನನ ಮಗ ಬಚ್ಚಲಿಗೆ ಗೋಡೆಯನ್ನೇ ಇಡಿಸಿರಲಿಲ್ಲ. ಎಲ್ಲ ಗಾಜು. ಬಾಗಿಲೂ ಗಾಜು. ಚಿಲಕ ಹುಡುಕಿ ಹುಡುಕಿ ಸೋತು ಕೊನೆಗೆ ಅವನನ್ನೇ ಕೇಳಿದೆ. "ದೊಡ್ಡಮ್ಮಾ, ಇದಕ್ಕೆ ಚಿಲ್ಕ ಬರಲ್ಲ, ಮ್ಯಾಗ್ನೆಟ್ಟು. ಗಾಜು ಮಬ್ಬಾಗಿದೆಯಲ್ಲ, ಪೂರ್ತಿ ಕಾಣ್ಸಲ್ಲ," ಎಂದ. "ಪೂರ್ತಿ ಕಾಣ್ಸಲ್ಲ ಅನ್ನೋದೂ ಒಂದು ಸಮಾಧಾನವೇನೋ?" ಎಂದೆ. ಅವನ ಹೆಂಡತಿ ನಕ್ಕಳು, ಅವನು ಮುಖ ಊದಿಸಿಕೊಂಡ. ಅಂದಿನಿಂದ ಅವರ ಮನೆಗೆ ಹೋಗುವ ದಿನ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತೇನೆ.

ನಿಮಗೆ ಇದು ಹುಚ್ಚು ಅನ್ನಿಸಬಹುದು. ನಮ್ಮವರಿಗೂ ಹಾಗೇ ಅನ್ನಿಸುತ್ತದೆ. ನಮ್ಮವರು ಎಂದರೆ ನನ್ನ ಯಜಮಾನರು. ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ನನ್ನ ಅತ್ತೆ ಮದುವೆಯಾದ ವಾರದಲ್ಲೇ ಹೇಳಿಕೊಟ್ಟಿದ್ದರು. ನಾನೇನು ಅದನ್ನು ನಂಬುವುದಿಲ್ಲ. ಯಲಹಂಕದ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಕನ್ನಡ ಪಾಠ ಮಾಡಿದವಳು, ಮೂಢನಂಬಿಕೆಯ ಮೇಲೆ ವರ್ಷಕ್ಕೊಂದು ಪ್ರಬಂಧ ಬರೆಸಿದವಳು. ಆದರೂ ಒಂದು ವರ್ಷ ಅವರದೇ ಹೆಸರಿನ ವಿದ್ಯಾರ್ಥಿಯೊಬ್ಬ ನನ್ನ ತರಗತಿಗೆ ಬಂದಾಗ ಹಾಜರಿ ಕರೆಯುವಾಗ ಎಲ್ಲರನ್ನೂ ಹೆಸರಿನಿಂದ ಕರೆದು ಅವನೊಬ್ಬನನ್ನು "ಇಪ್ಪತ್ತಮೂರು" ಎಂದೇ ಕರೆದೆ. ಮಗ ಏನು ತಪ್ಪು ಮಾಡಿದ್ದಾನೆಂದು ಕೇಳಲು ಅವನ ತಂದೆ ಶಾಲೆಗೇ ಬಂದರು. ಏನೆಂದು ಹೇಳಲಿ? ನಂಬುವುದಿಲ್ಲ, ಸರಿ, ಆದರೆ ಇದ್ದೊಬ್ಬ ಗಂಡನ ಮೇಲೆ ಪ್ರಯೋಗ ಮಾಡಿ ನೋಡುವುದು ಯಾಕೆ? "ರೀ" ಎಂಬ ಒಂದಕ್ಷರದಲ್ಲೇ ನಮ್ಮ ಮೂವತ್ತು ವರ್ಷದ ಸಂಸಾರ ನಡೆದುಹೋಗಿದೆ.

ಆ ಮೂವತ್ತು ವರ್ಷವೇ ಎಡವಟ್ಟಾದದ್ದು. ಮಗಳು ಸ್ಮಿತಾ ಯಶವಂತಪುರದಲ್ಲಿ ಹದಿನಾರನೆಯ ಮಹಡಿಯಲ್ಲಿ ವಾಸವಾಗಿದ್ದಾಳೆ. ಗಿಡ ಮರ ಕಾಣಬೇಕಾದರೆ ಅವಳು ಲಿಫ್ಟಿನಲ್ಲಿ ಇಳಿದು ಬರಬೇಕು. ಅಷ್ಟು ಎತ್ತರದಲ್ಲಿರುವವರಿಗೆ ಪ್ರಕೃತಿಯ ಮೇಲೆ ಪ್ರೀತಿ ಉಕ್ಕುವುದು ಸಹಜವೇ. ಮದುವೆಯ ಮೂವತ್ತನೇ ವರ್ಷಕ್ಕೆ ಅಪ್ಪ ಅಮ್ಮನಿಗೆ ಏನಾದರೂ ಕೊಡಬೇಕೆಂದು ಕೇರಳದ ಬೆಟ್ಟದ ತಪ್ಪಲಿನಲ್ಲಿ ಮರದ ಮೇಲಿನ ಮನೆಯೊಂದನ್ನು ನಾಲ್ಕು ದಿನಕ್ಕೆ ಗೊತ್ತುಮಾಡಿ, ಫೋನಿನಲ್ಲಿ ಅದರ ಚಿತ್ರ ಹಿಡಿದುಕೊಂಡು ಬಂದಳು.

"ಟ್ರೀ ಹೌಸ್ ಕಣಮ್ಮ! ಮರದ್ ಮೇಲೇನೇ ಮನೆ. ಎಷ್ಟ್ ಚೆನ್ನಾಗಿದೆ ನೋಡು."

"ಮರದ ಮೇಲೆ ಯಾಕೆ ಇರ್ಬೇಕು? ಕೆಳಗಡೆ ಏನಾಗಿದೆ?"

"ನೇಚರ್ ಅಮ್ಮಾ, ನೇಚರ್!"

"ನಿಮ್ಮಪ್ಪನ ಕೇಳು, ಅವರು ನೇಚರ್‌ನಲ್ಲೇ ಹುಟ್ಟಿದವರು."

ಕೇಳಬಾರದಿತ್ತು. ನಮ್ಮವರು ಅಲ್ಲಾಳಸಂದ್ರದ ಒಕ್ಕಲು ಮನೆತನದವರು. ಈಗ ಕಾರುಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಲ್ಲುವ ಜಾಗದಲ್ಲಿ ಅವರ ದ್ರಾಕ್ಷಿ ತೋಟವಿತ್ತು. ಜೀವನದ ಮೊದಲ ಇಪ್ಪತ್ತೆಂಟು ವರ್ಷ ಕೆಸರು, ಹಾವು, ಗೊಬ್ಬರದ ನಡುವೆ ಕಳೆದು, ಅದರಿಂದ ತಪ್ಪಿಸಿಕೊಳ್ಳಲು ಮುಂದಿನ ಮೂವತ್ತು ವರ್ಷ ಕಂಡಕಂಡಲ್ಲಿ ಸಿಮೆಂಟು ಹಾಕಿಸಿದ ಮನುಷ್ಯ. ಅಂಗಳದಲ್ಲಿ ಒಂದು ತುಳಸಿ ಗಿಡಕ್ಕೆ ನಾಲ್ಕು ಅಂಗುಲ ಮಣ್ಣು ಬಿಡಿಸಿಕೊಳ್ಳಲು ನಾನು ಎರಡು ದಿನ ಮಾತು ಬಿಟ್ಟಿದ್ದೆ. ಅಂಥವರು ಮಗಳ ಫೋನು ಇಸಿದುಕೊಂಡು, ಚಿತ್ರವನ್ನು ಬೆರಳಿನಲ್ಲಿ ದೊಡ್ಡದು ಮಾಡಿ, "ಏನ್ ಹಸಿರು ಅಲ್ವಾ ಶಶಿ! ಕಣ್ಣಿಗೆ ತಂಪು," ಎಂದರು. ಮಾರನೆಯ ದಿನವೇ ಆರ್.ಟಿ. ನಗರಕ್ಕೆ ಹೋಗಿ ಒಂದು ಹುಲ್ಲಿನ ಹ್ಯಾಟೂ, ದಾಸವಾಳದ ಹೂವುಗಳಿದ್ದ ಒಂದು ಅಂಗಿಯೂ ಕೊಂಡು ತಂದರು. ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತಾಗ ಸೀರೆ ಅಂಗಡಿಯವರು ಹೊರಗೆ ನಿಲ್ಲಿಸುವ ಗೊಂಬೆಯ ನೆನಪಾಯಿತು. ಹೇಳಲಿಲ್ಲ. ಹೇಳಿದ್ದರೂ ಹೊಗಳಿಕೆಯೆಂದೇ ತಿಳಿದುಕೊಳ್ಳುತ್ತಿದ್ದರು.

ಹೋದೆವು. ಬಾಗಿಲಲ್ಲೇ ಕೊರಳಿಗೆ ಒಣಬೀಜಗಳ ಸರ ಹಾಕಿದರು. ಎಳನೀರಿಗೆ ಹೂವು ಸಿಕ್ಕಿಸಿ ಕೊಟ್ಟರು. ಅಲ್ಲಿಯ ಮ್ಯಾನೇಜರು ಮಲಯಾಳಿಯಾದರೂ ಬರುವವರಲ್ಲಿ ಮುಕ್ಕಾಲು ಪಾಲು ಬೆಂಗಳೂರಿನವರಾದ್ದರಿಂದ ಕನ್ನಡ ಕಲಿತಿದ್ದ. "ಮೇಡಂ, ಇಲ್ಲಿ ಟೀವಿ ಇಲ್ಲಾ. ಏಸಿ ಇಲ್ಲಾ. ನೆಟ್‌ವರ್ಕ್ ಇಲ್ಲಾ. ಕಿಟಕಿಗೆ ಗಾಜೂ ಇಲ್ಲಾ," ಎಂದು ಒಂದೊಂದು "ಇಲ್ಲಾ"ವನ್ನೂ ಪ್ರಸಾದ ಕೊಡುವವನ ಹಾಗೆ ನಗುನಗುತ್ತಾ ಕೊಟ್ಟ. ಇಲ್ಲಗಳು ಹೆಚ್ಚಿದಷ್ಟೂ ಸುತ್ತ ನಿಂತಿದ್ದವರ ಮುಖ ಅರಳುತ್ತಿತ್ತು. ನಾನು ಮದುವೆಯಾಗಿ ಬಂದ ಮನೆಯಲ್ಲೂ ಇವೆಲ್ಲ ಇರಲಿಲ್ಲ. ಬಂದವರ ಮುಂದೆ ಅದನ್ನು ಹೇಳಿಕೊಳ್ಳಲು ನನ್ನ ಅತ್ತೆ ನಾಚುತ್ತಿದ್ದರು, ಅಷ್ಟೇ ವ್ಯತ್ಯಾಸ.

ಮನೆ ಒಂದು ದೊಡ್ಡ ಹಲಸಿನ ಮರದ ಮೇಲಿತ್ತು. ಮೂವತ್ತೆರಡು ಮೆಟ್ಟಿಲು. ನನ್ನ ಮಂಡಿಗಳು ಒಂದೊಂದನ್ನೂ ಎಣಿಸಿದವು. ಮೇಲೆ ಒಂದು ಮಂಚ, ಸೊಳ್ಳೆಪರದೆ, ಎರಡು ಬೆತ್ತದ ಕುರ್ಚಿ. ಗಾಳಿ ಬೀಸಿದರೆ ಮನೆ ತೂಗುತ್ತಿತ್ತು, ಗಾಳಿ ನಿಂತರೆ ನಮ್ಮವರು ನಡೆದಾಡಿ ತೂಗಿಸುತ್ತಿದ್ದರು. ಊರಿಂದ ಒಯ್ದಿದ್ದ ಕೋಡುಬಳೆಯ ಡಬ್ಬಿಯನ್ನು ತೆರೆದಿಟ್ಟು ಐದು ನಿಮಿಷ ಕಣ್ಣು ಮುಚ್ಚಿದೆ, ಅಷ್ಟರಲ್ಲಿ ಅಳಿಲೊಂದು ಬಂದು ಡಬ್ಬಿಯೊಳಗೇ ಕೂತು ತಿನ್ನುತ್ತಿತ್ತು. ಓಡಿಸಿ ಎಂದರೆ ನಮ್ಮವರು ಅದರ ಫೋಟೋ ತೆಗೆದರು. ಅಲ್ಲಾಳಸಂದ್ರದಲ್ಲಿ ದ್ರಾಕ್ಷಿಗೆ ಬಾಯಿ ಹಾಕಿದ ಅಳಿಲುಗಳಿಗೆ ಕವಣೆ ಬೀಸಿದ ಕೈ ಅದು.

ಬಚ್ಚಲು ಎಲ್ಲಿ ಎಂದೆ. ಮ್ಯಾನೇಜರು ಇದಕ್ಕೇ ಕಾದಿದ್ದವನ ಹಾಗೆ ನಮ್ಮನ್ನು ಕೆಳಗೆ ಕರೆದುಕೊಂಡು ಹೋದ. ಮರದ ಬುಡದಲ್ಲಿ ಭುಜದೆತ್ತರಕ್ಕೆ ಸುತ್ತಲೂ ಬಿದಿರಿನ ತಟ್ಟಿಯ ಗೋಡೆ. ಒಂದು ಬಿದಿರಿನ ಬಾಗಿಲು. ಅದಕ್ಕೆ ಚಿಲಕವಿಲ್ಲ, ಒಂದು ಹಗ್ಗದ ಕುಣಿಕೆ. ತಲೆಯೆತ್ತಿದೆ. ಸೂರಿಲ್ಲ. "ಓಪನ್ ಟು ಸ್ಕೈ, ಮೇಡಂ! ಆಕಾಶ ನೋಡಿಕೊಂಡು ಸ್ನಾನ!" ಎಂದು ಅವನು ಎರಡೂ ಕೈ ಮೇಲೆತ್ತಿದ. ನಮ್ಮವರೂ ತಲೆಯೆತ್ತಿ ಆಕಾಶ ನೋಡಿದರು. ನೋಡಿದವರು ತಟಕ್ಕನೆ ತಲೆ ತಗ್ಗಿಸಿ ನನ್ನ ಮುಖ ನೋಡಿದರು. ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಗಿತ್ತು.

ಆ ನೆನಪು ಹೇಳಬೇಕಾದರೆ ನನ್ನ ತವರಿನಿಂದ ಹೇಳಬೇಕು. ದೊಡ್ಡಬಳ್ಳಾಪುರದಲ್ಲಿ ನಮ್ಮಪ್ಪ ಅಂಚೆ ಕಚೇರಿಯ ಗುಮಾಸ್ತರು. ಮನೆಯಲ್ಲಿ ಏನಿತ್ತೋ ಏನಿಲ್ಲವೋ, ಬಚ್ಚಲಿಗೊಂದು ತಗಡಿನ ಬಾಗಿಲು ಮಾತ್ರ ಇತ್ತು. ಅದರಲ್ಲಿ ಮೊಳೆ ಕಿತ್ತ ಒಂದು ತೂತು. ಆ ತೂತಿಗೆ ಅಮ್ಮ ಸವೆದ ಸೋಪಿನ ಚೂರನ್ನು ಮೆತ್ತಿ ಮುಚ್ಚುತ್ತಿದ್ದಳು. ಸೋಪು ಒಣಗಿ ಉದುರಿದರೆ ಮತ್ತೊಂದು ಚೂರು. ನಾವು ಮೂವರು ಹೆಣ್ಣುಮಕ್ಕಳು ಯಾವ ಬಣ್ಣದ ಸೋಪು ಬಂತು ಎಂದು ಬಾಗಿಲಿನ ತೂತು ನೋಡಿಯೇ ಹೇಳುತ್ತಿದ್ದೆವು. ಒಳಗೆ ಹೋಗಿ ಚಿಲಕ ಹಾಕಿದರೆ ಅಪ್ಪ ಹೊರಗಿನಿಂದ ಎಷ್ಟೇ ಬಡಿದರೂ ನಾನು ತೆಗೆಯುತ್ತಿರಲಿಲ್ಲ. ಪಾಠ ಬಾಯಿಪಾಠ ಮಾಡುತ್ತಿದ್ದುದು, ಅಕ್ಕನ ಮೇಲೆ ಸಿಟ್ಟು ಬಂದಾಗ ಅಳುತ್ತಿದ್ದುದು, ಮದುವೆ ಗೊತ್ತಾದ ದಿನ ಹೆದರಿ ಕೂತದ್ದು, ಎಲ್ಲ ಅಲ್ಲೇ.

ಅಂಥವಳು ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅಲ್ಲಾಳಸಂದ್ರಕ್ಕೆ ಬಂದೆ. ಹಿತ್ತಿಲಲ್ಲಿ ಮೂರು ಕಡೆ ಎದೆಯುದ್ದ ಕಲ್ಲು ಚಪ್ಪಡಿ, ನಾಲ್ಕನೆಯ ಕಡೆ ಗೋಣಿಯ ಪರದೆ, ನಡುವೆ ಒಲೆಯ ಮೇಲೆ ಹಂಡೆ. ಮೇಲೆ ಆಕಾಶ. ಬಾಗಿಲು ಎಲ್ಲಿ ಅತ್ತೆ ಎಂದು ಕೇಳಿದೆ. "ಬಾಗ್ಲು ಯಾಕಮ್ಮ? ಸೀರೆ ತೆಗ್ದು ಗೋಡೆ ಮೇಲೆ ಆಕು. ಸೀರೆ ಇದ್ರೆ ಯಾವ್ ಗಂಡ್ಸೂ ಆ ಕಡೆ ತಲೆ ಆಕಲ್ಲ. ನಮ್ಮೂರಲ್ಲಿ ಸೀರೇನೇ ಚಿಲ್ಕ," ಎಂದರು. ಸುಳ್ಳಲ್ಲ. ಗೋಡೆಯ ಮೇಲೆ ಸೀರೆ ಕಂಡರೆ ಮಾವನವರು ಕೆಮ್ಮಿ ಹಿಂದಿರುಗುತ್ತಿದ್ದರು, ಆಳುಗಳು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಎರಡು ತಿಂಗಳಲ್ಲಿ ನನಗೂ ಅಭ್ಯಾಸವಾಯಿತು. ಮೈಗೆ ನೀರು ಬೀಳುವ ಮೊದಲು ಕೈ ತಾನಾಗಿ ಸೀರೆಯನ್ನು ಗೋಡೆಗೆ ಎಸೆಯುತ್ತಿತ್ತು.

ಮೂರನೆಯ ತಿಂಗಳಲ್ಲಿ ಆ ದಿನ ಬಂತು. ಮಲ್ಲೇಶ್ವರದ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಕೆಲಸಕ್ಕೆ ನನಗೆ ಸಂದರ್ಶನದ ಪತ್ರ ಬಂದಿತ್ತು. ಬೆಳಗ್ಗೆ ಹನ್ನೊಂದಕ್ಕೆ ಅಲ್ಲಿರಬೇಕು. ಸೊಸೆ ಕೆಲಸಕ್ಕೆ ಹೋಗುವುದಕ್ಕೆ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ನಮ್ಮವರೊಬ್ಬರು ಮಾತ್ರ "ಹೋಗ್ಬಾ, ನೋಡೋಣ," ಎಂದಿದ್ದರು. ಆ ಒಂದು ಮಾತಿಗೆ ನಾನು ಅವರನ್ನು ದೇವರ ಪಕ್ಕದಲ್ಲಿ ಕೂರಿಸಿದ್ದೆ. ಎಂಟು ಗಂಟೆಗೆ ಸ್ನಾನಕ್ಕೆ ಇಳಿದೆ. ಅತ್ತೆ ತೋಟಕ್ಕೆ ಹೋಗಿದ್ದರು. ಅಷ್ಟರಲ್ಲಿ ಪಕ್ಕದೂರಿನಿಂದ ನಮ್ಮವರ ದೊಡ್ಡಪ್ಪನೂ ಇನ್ನೂ ನಾಲ್ಕು ಜನ ಹಿರಿಯರೂ ತೋಟದ ಪಾಲಿನ ಮಾತಿಗೆಂದು ಬಂದು, ಬಚ್ಚಲಿಗೆ ಹತ್ತು ಹೆಜ್ಜೆ ದೂರದ ಸೀಬೆಮರದ ಕೆಳಗೆ ಕೂತೇಬಿಟ್ಟರು. ಸೀರೆ ಗೋಡೆಯ ಮೇಲೆಯೇ ಇತ್ತು. ಜಮೀನಿನ ಮಾತಿನಲ್ಲಿ ಅದು ಅವರ ಕಣ್ಣಿಗೆ ಬೀಳಲಿಲ್ಲ. ಎದ್ದು ನಿಂತರೆ ಕಾಣುತ್ತೇನೆ. ನಿಲ್ಲದೆ ಸೀರೆ ಕೈಗೆ ಸಿಗುವುದಿಲ್ಲ. ಚಪ್ಪಡಿಯ ಸಂದಿಯಲ್ಲಿ, ಅವರ ಜೊತೆ ಕೂತಿದ್ದ ನಮ್ಮವರ ಬೆನ್ನು ಕಾಣುತ್ತಿತ್ತು.

"ರೀ," ಎಂದೆ.

ಕೂಗಲಿಲ್ಲ. ಮೂರು ತಿಂಗಳ ಸೊಸೆ ಹಿರಿಯರಿದ್ದಾಗ ಹೇಗೆ ಕೂಗುತ್ತಾಳೆ? ಆದರೆ ಹತ್ತು ಹೆಜ್ಜೆಗೆ ಕೇಳುವಷ್ಟು ಕರೆದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ಕರೆದೆ. ಅವರು ತಿರುಗಲಿಲ್ಲ. "ಬನ್ನಿ ದೊಡ್ಡಪ್ಪ, ಜಗಲಿ ಮೇಲೆ ಕೂತ್ಕೊಳಣ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಂಡೆಯ ನೀರು ಆರಿತು, ಒಲೆಯೂ ಆರಿತು. ಒದ್ದೆ ಲಂಗವನ್ನು ಎದೆಗೆ ಕಟ್ಟಿಕೊಂಡು ಎರಡು ಗಂಟೆ ಕುಕ್ಕರುಗಾಲಲ್ಲಿ ಕೂತೆ. ಅವರೆಲ್ಲ ಎದ್ದು ಹೋದ ಮೇಲೆ ಸೀರೆ ಸುತ್ತಿಕೊಂಡು ಓಡಿ, ಎರಡು ಬಸ್ಸು ಬದಲಾಯಿಸಿ, ಮಲ್ಲೇಶ್ವರ ಮುಟ್ಟುವಾಗ ಹನ್ನೆರಡೂವರೆ. "ಮುಗೀತಮ್ಮ, ಬೇರೆಯವರನ್ನ ತಗೊಂಡ್ರು," ಎಂದು ಅಲ್ಲಿಯ ಗುಮಾಸ್ತೆ ನನ್ನ ಒದ್ದೆ ಕೂದಲನ್ನು ನೋಡಿ ಹೇಳಿದಳು. ಆಮೇಲೆ ಎರಡು ವರ್ಷ ನಾನು ದ್ರಾಕ್ಷಿ ಬಿಡಿಸಿದೆ.

ಸಂಜೆ ಅವರನ್ನು ಕೇಳಿದೆ. "ಕೇಳಿಸ್ಲಿಲ್ಲ ಕಣೆ, ದೇವ್ರಾಣೆ," ಎಂದರು. ಹದಿನೈದು ದಿನದೊಳಗೆ ತಮ್ಮ ಅಪ್ಪನ ಹತ್ತಿರ ಜಗಳವಾಡಿ ಬಚ್ಚಲಿಗೆ ಶೀಟು ಹೊದಿಸಿ, ಬಾಗಿಲಿಟ್ಟು, ಗೇಣುದ್ದದ ಕಬ್ಬಿಣದ ಚಿಲಕ ಜಡಿಸಿದರು. ಊರಿನ ಹೆಂಗಸರೆಲ್ಲ ಬಂದು ಆ ಚಿಲಕವನ್ನು ನೋಡಿಕೊಂಡು ಹೋದರು.

ಆದರೆ ನಾನು ಬಿಡುವವಳೇ? ಮೂವತ್ತು ವರ್ಷದಲ್ಲಿ ನಮ್ಮ ಯಾವ ಜಗಳ ಎಲ್ಲಿಂದ ಶುರುವಾದರೂ ಸೀಬೆಮರದ ಕೆಳಗೆ ಹೋಗಿ ನಿಲ್ಲುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅವರು ಹೇಳಿದರೆ, "ಅವತ್ತು ಕೇಳಿಸಿಯೂ ಕೇಳಿಸದ ಹಾಗೆ ಕೂತಿದ್ರಲ್ಲ, ಹಾಗೇ ಇದನ್ನೂ ತಿನ್ನಿ," ಎನ್ನುತ್ತೇನೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಕಾರು ಮುಂದೆ ಹೋಗದೆ ನಿಂತಾಗ ಹಿಂದಿನವನು ಹಾರ್ನ್ ಬಾರಿಸಿದರೆ, "ನಿಮಗೆ ಇದೂ ಕೇಳಿಸ್ತಾ ಇಲ್ವೇನೋ," ಎನ್ನುತ್ತೇನೆ. "ಕೇಳಿಸಿತ್ತು ನಿಮಗೆ. ಬೇಕಂತಲೇ ಬರಲಿಲ್ಲ." "ಇಲ್ಲ ಕಣೆ ಶಶಿ, ಸತ್ಯವಾಗ್ಲೂ ಕೇಳಿಸ್ಲಿಲ್ಲ." ಇಷ್ಟೇ. ಇದಕ್ಕಿಂತ ಹೆಚ್ಚು ಒಂದು ಮಾತಿಲ್ಲ, ಕಡಿಮೆಯೂ ಇಲ್ಲ. ಮಗಳು ಇದನ್ನು ನಮ್ಮ ಮನೆಯ ನಾಡಗೀತೆ ಎನ್ನುತ್ತಾಳೆ.

ಸರಿ, ಮತ್ತೆ ಹಲಸಿನ ಮರದ ಬುಡಕ್ಕೆ ಬನ್ನಿ. ಮೊದಲೆರಡು ದಿನ ನಾನು ನೈಟಿಯಲ್ಲೇ ಸ್ನಾನ ಮಾಡಿದೆ. ನಮ್ಮವರು ಬಾಗಿಲಲ್ಲಿ ಹ್ಯಾಟು ಹಾಕಿಕೊಂಡು ಕಾವಲು ನಿಂತರು. ಅವರ ಮುಖದ ಗಾಂಭೀರ್ಯ ನೋಡಿ ಬೇರೆ ಅತಿಥಿಗಳು ಒಳಗೆ ಏನೋ ಕಾಡುಪ್ರಾಣಿ ಬಂದಿದೆ ಎಂದುಕೊಂಡು ದೂರದಿಂದಲೇ ಇಣುಕಿದರಂತೆ. ಮೂರನೆಯ ದಿನದ ಹೊತ್ತಿಗೆ ಅವರಿಗೆ ಒಬ್ಬ ಸ್ನೇಹಿತ ಸಿಕ್ಕಿದ್ದ. ಮಾಕಳಿಯ ಕಡೆಯ ಬಿಲ್ಡರು. ಹೆಂಡತಿಯನ್ನು ಪಕ್ಕದ ಮರದ ಮೇಲೆ ಕೂರಿಸಿ ಬೆಳಗಿನಿಂದ ಸಂಜೆಯವರೆಗೂ ಕೆಳಗೆ ಕಾಫಿ ಚಪ್ಪರದಲ್ಲಿ ಸೈಟಿನ ಮಾತಾಡುವವನು. ಪ್ರಕೃತಿಯ ಮಡಿಲಿಗೆ ಬಂದ ಬೆಂಗಳೂರಿನ ಗಂಡಸರೆಲ್ಲ ಆ ಚಪ್ಪರದಲ್ಲೇ ಇರುತ್ತಿದ್ದರು. ಅವರ ಸುತ್ತ ಇದ್ದ ಒಂದು ಮರದ ಹೆಸರೂ ಅವರಿಗೆ ಗೊತ್ತಿರಲಿಲ್ಲ, ಆದರೆ ಆ ಜಾಗ ಎಷ್ಟು ಎಕರೆ ಎಂದು ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದರು.

"ಶಶಿ, ನೀನ್ ಸ್ನಾನ ಮಾಡ್ಕೊಂಡ್ ಬಾ. ನಾನಿಲ್ಲೇ ಕಾಫಿ ಕುಡೀತಿರ್ತೀನಿ. ಕೂಗಿದ್ರೆ ಕೇಳ್ಸುತ್ತೆ," ಎಂದು ನಮ್ಮವರೂ ಹೊರಟರು.

ಕೂಗಿದರೆ ಕೇಳಿಸುತ್ತದೆ ಎಂಬ ಮಾತಿಗೆ ನಾನು ಏನೂ ಹೇಳಲಿಲ್ಲ. ಹಬ್ಬ ಹರಿದಿನಗಳಲ್ಲಿ ಜಗಳ ಬೇಡವೆಂದು ನಾನೂ ಕೆಲವು ಸಲ ಸುಮ್ಮನಿರುತ್ತೇನೆ.

ಬಿಸಿನೀರು ಚೆನ್ನಾಗಿತ್ತು. ನಿಜ ಹೇಳಬೇಕೆಂದರೆ, ಹೇಳಲು ಇಷ್ಟವಿಲ್ಲದಿದ್ದರೂ, ಹಲಸಿನ ಎಲೆಗಳ ನಡುವಿನಿಂದ ಇಳಿಯುವ ಬಿಸಿಲೂ ಚೆನ್ನಾಗಿತ್ತು. ಅದೇನು ಮಂಕು ಕವಿಯಿತೋ, ಮೂವತ್ತು ವರ್ಷ ಮರೆತಿದ್ದ ಕೈ ತಾನಾಗಿ ಎದ್ದು ಸೀರೆಯನ್ನು ಗೋಡೆಯ ಮೇಲೆ ಹಾಕಿತು. ಹಿಂದೆಯೇ ಲಂಗ, ರವಿಕೆ, ಟವೆಲ್ಲು. ಎಲ್ಲ ಸಾಲಾಗಿ ಹಾಕಿ, ಇಷ್ಟು ಬಟ್ಟೆ ನೋಡಿದ ಮೇಲೆ ಯಾವ ಗಂಡಸು ಈ ಕಡೆ ತಲೆ ಹಾಕುತ್ತಾನೆ ಎಂದುಕೊಂಡು ನಿಶ್ಚಿಂತೆಯಿಂದ ಮೈಗೆ ಸೋಪು ಹಚ್ಚಿದೆ.

ಮೇಲೆ ಕೋಣೆಯ ಮೇಜಿನ ಮೇಲೆ ಒಂದು ಕಾರ್ಡು ಇತ್ತು. ಒಗೆಯಲು ಕೊಡುವ ಬಟ್ಟೆಯನ್ನು ಬಚ್ಚಲಿನ ಗೋಡೆಯ ಮೇಲೆ ಹಾಕಿ, ನಮ್ಮ ಕೆಲಸದವರು ಬಂದು ತೆಗೆದುಕೊಂಡು ಹೋಗುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಆಮೇಲೆ ಓದಿದೆ. ಪ್ರಶ್ನೆಯನ್ನು ಎರಡು ಸಲ ಓದಿ, ಆಮೇಲೆ ಉತ್ತರ ಬರೆಯಿರಿ ಎಂದು ಇಪ್ಪತ್ತೇಳು ವರ್ಷ ಮಕ್ಕಳ ತಲೆ ತಿಂದವಳು ನಾನು.

ಬಿದಿರಿನ ಆಚೆ ಏನೋ ಸರಸರ ಎಂದಿತು. ಸೀರೆ ಮೆಲ್ಲಗೆ ಜಾರಿಹೋಯಿತು. ಮಂಗ ಎಂದುಕೊಂಡು "ಹುಶ್! ಹುಶ್!" ಎಂದೆ. ಆ ಕಡೆಯಿಂದ ಬಳೆಯ ಸದ್ದಿನೊಂದಿಗೆ "ಓಕೆ ಚೇಚೀ," ಎಂದು ನನ್ನನ್ನು ಮಲಯಾಳದಲ್ಲಿ ಅಕ್ಕನನ್ನಾಗಿ ಮಾಡಿದ ಹೆಂಗಸೊಬ್ಬಳ ಉತ್ತರ ಬಂತು. ಲಂಗ ಹೋಯಿತು, ರವಿಕೆ ಹೋಯಿತು, ಟವೆಲ್ಲೂ ಹೋಯಿತು. ಕಣ್ಣಿಗೆ ಸೋಪು. ನೀರು ಸುರಿದುಕೊಂಡು "ಏ, ನಿಲ್ಲಮ್ಮಾ! ಅದು ಒಗೆಯೋಕಲ್ಲ!" ಎನ್ನುವಷ್ಟರಲ್ಲಿ ಆಕೆ ಬುಟ್ಟಿ ತುಂಬಿಕೊಂಡು ಹಾಡು ಗುನುಗುತ್ತಾ ಇಳಿಜಾರಿನಲ್ಲಿ ಇಳಿದು ಹೋಗಿದ್ದಳು. ಉಳಿದ ಬಟ್ಟೆಯೆಲ್ಲ ಮೂವತ್ತೆರಡು ಮೆಟ್ಟಿಲ ಮೇಲೆ. ನಾನು ಕೆಳಗೆ, ಹುಟ್ಟಿದ ಹಾಗೆ, ಓಪನ್ ಟು ಸ್ಕೈ.

ಬಿದಿರಿನ ಸಂದಿಯಲ್ಲಿ ಕಣ್ಣಿಟ್ಟೆ. ಹದಿನೈದು ಹೆಜ್ಜೆ ದೂರದಲ್ಲಿ ಕಾಫಿ ಚಪ್ಪರ. ಏಳೆಂಟು ಗಂಡಸರು. ದಾಸವಾಳದ ಅಂಗಿ ಎದ್ದು ಕಾಣುತ್ತಿತ್ತು.

"ರೀ!" ಎಂದೆ. ಈ ಸಲ ಕೂಗಿಯೇ ಕೂಗಿದೆ.

"ಏನೇ?" ಎಂದು ಒಬ್ಬರು ಎದ್ದರು. "ಬಂದೆ ಇರೇ!" ಎಂದು ಇನ್ನೊಬ್ಬರು ಚಪ್ಪಲಿ ಹುಡುಕಿದರು. "ಏನ್ ಬೇಕಮ್ಮ ಈಗ?" ಎಂದು ಮೂರನೆಯವರು ಬೇಸರದಿಂದ ಕೇಳಿದರು. ಯಾವುದೋ ಮರದ ಮೇಲಿನಿಂದ ಅವರ ಹೆಂಡತಿ, "ನಾನಲ್ಲಾರೀ ಕರೆದಿದ್ದು, ನೀವು ಅಲ್ಲೇ ಇರಿ!" ಎಂದು ಗದರಿದಳು. ಚಪ್ಪರದಲ್ಲಿ ನಗೆ ಎದ್ದಿತು. ಕನ್ನಡದಲ್ಲಿ ಗಂಡಂದಿರನ್ನೆಲ್ಲ ಒಂದೇ ಅಕ್ಷರದಲ್ಲಿ ಕಟ್ಟಿಹಾಕಿದವರು ಯಾರೋ, ಅವರಿಗೆ ನಾನು ಅಲ್ಲಿಂದಲೇ ಶಾಪ ಹಾಕಿದೆ.

ಎಲ್ಲ ಗಂಡಂದಿರೂ ಓಗೊಟ್ಟರು. ನನ್ನವರೊಬ್ಬರು ಮಾತ್ರ ಕಾಫಿ ಲೋಟದೊಳಗೆ ನೋಡುತ್ತಿದ್ದರು.

"ರೀ! ಇಲ್ಲಿ ಬನ್ನಿ ಸ್ವಲ್ಪ!"

ಮಾಕಳಿಯ ಬಿಲ್ಡರು ನಮ್ಮವರ ಮೊಣಕೈ ತಿವಿದ. "ಸಾರ್, ನಿಮ್ಮನೆಯವ್ರೇನೋ ನೋಡ್ರಿ. ಆ ಕಡೆಯಿಂದ್ಲೇ ಬಂತು."

ಅವರು ತಲೆ ಎತ್ತಿದರು. ಬಚ್ಚಲಿನ ಕಡೆ ನೋಡಿದರು. ಗೋಡೆಯ ಮೇಲೆ ಬಟ್ಟೆಯಿಲ್ಲದ್ದನ್ನೂ ನೋಡಿದರು. ಅವರ ಕಣ್ಣು ಸರಿಯಾಗಿ ನಾನು ಕಣ್ಣಿಟ್ಟಿದ್ದ ಸಂದಿಯ ಮೇಲೆ ಒಂದು ಗಳಿಗೆ ನಿಂತಿತು. ಸುತ್ತ ಏಳೆಂಟು ಜನ ನಗಲು ಸಿದ್ಧರಾಗಿ ಕಾಯುತ್ತಿದ್ದರು.

"ಇಲ್ಲ ಇಲ್ಲ ಸಾರ್," ಎಂದರು ನಮ್ಮವರು. "ನಮ್ಮೋಳು ಇಂಗೆಲ್ಲ ಕೂಗಲ್ಲ."

ನನ್ನ ಮೈಯಲ್ಲಿ ಉರಿ ಹತ್ತಿದ್ದು ಸೋಪಿನಿಂದಲ್ಲ. ಅತ್ತೆ ಹೇಳಿದ ಆಯಸ್ಸಿನ ಮಾತು ನೆನಪಾಯಿತು. ಹೋಗುವುದಿದ್ದರೆ ಹೋಗಲಿ ಎಂದುಕೊಂಡೆ. ನಲವತ್ತು ಮಕ್ಕಳ ತರಗತಿಯನ್ನು ಒಂದು ಮಾತಿನಲ್ಲಿ ಸುಮ್ಮನಾಗಿಸುತ್ತಿದ್ದ ಗಂಟಲು ಇನ್ನೂ ಕೆಟ್ಟಿರಲಿಲ್ಲ.

"ಮುನಿರಾಜೂ!"

ಚಪ್ಪರ ಸ್ತಬ್ಧವಾಯಿತು. ಕೊಂಬೆಯ ಮೇಲಿನ ಹಕ್ಕಿಗಳೂ ಸುಮ್ಮನಾದವು. ನಮ್ಮವರು ಪ್ರಿನ್ಸಿಪಾಲರು ಕರೆದ ಹಾಗೆ ಎದ್ದು ನಿಂತರು, ಕಾಫಿ ದಾಸವಾಳದ ಮೇಲೆ ಚೆಲ್ಲಿತು. ಯಾರ ಮುಖವನ್ನೂ ನೋಡದೆ ಓಡಿ ಬಂದರು. ನಾನು ಗೋಡೆಯೊಳಗಿನಿಂದ ಎರಡೇ ಮಾತಿನಲ್ಲಿ ವಿಷಯ ಹೇಳಿದೆ. ಮೆಟ್ಟಿಲು ಹತ್ತಿ ಇಳಿದು, ಏದುಸಿರು ಬಿಡುತ್ತಾ, ಒಂದು ಸೀರೆ ಮತ್ತು ಸೊಳ್ಳೆಪರದೆಯ ಪಕ್ಕದಲ್ಲಿದ್ದ ಹೊದಿಕೆಯನ್ನು ಗೋಡೆಯ ಮೇಲಿಂದ ಕೊಟ್ಟರು. ಲಂಗ ತರಲಿಲ್ಲ, ರವಿಕೆ ತರಲಿಲ್ಲ. ಅವರಿಂದ ಅಷ್ಟನ್ನು ನಿರೀಕ್ಷಿಸುವಷ್ಟು ನಾನು ಮೂರ್ಖಳಲ್ಲ.

ಅವರು ನನಗೆ ಬೆನ್ನು ಮಾಡಿ ಬಾಗಿಲಿಗೆ ಅಡ್ಡ ನಿಂತರು. ನಾನು ಹೊದಿಕೆಯನ್ನು ಸುತ್ತಿಕೊಂಡು ಅದರ ಮೇಲೆ ಸೀರೆ ಉಡತೊಡಗಿದೆ.

"ಎಲ್ರ ಮುಂದೆ ಹೆಸ್ರಿಡಿದು ಕೂಗ್ಬಿಟ್ಯಲ್ಲೇ ಶಶಿ," ಎಂದರು.

"ರೀ ಅಂದಾಗ ಕೇಳಿಸ್ಲಿಲ್ವಾ ನಿಮಗೆ?"

ಇನ್ನೇನು ಹಳೆಯ ಉತ್ತರ ಬರುತ್ತದೆ ಎಂದು ನಾನು ಅದಕ್ಕೆ ಹೇಳಬೇಕಾದ ಹಳೆಯ ಮಾತನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಾದೆ.

"ಕೇಳಿಸ್ತು," ಎಂದರು.

"ಮತ್ತೆ?"

"ಅವ್ರೆಲ್ಲ ಇದ್ರಲ್ಲ. ಎದ್ದು ಬಂದ್ರೆ ನಗ್ತಾರೆ ಅನ್ನಿಸ್ತು."

ಅವರ ಬೆನ್ನು ನನಗೆ ಕಾಣುತ್ತಿತ್ತು. ಮೂವತ್ತು ವರ್ಷದಲ್ಲಿ ಅಗಲವಾಗಿದೆ, ಸ್ವಲ್ಪ ಬಾಗಿದೆ. ಆದರೆ ಅದೇ ಬೆನ್ನು.

"ಅವತ್ತು?" ಎಂದೆ.

ಯಾವತ್ತು ಎಂದು ಅವರು ಕೇಳಲಿಲ್ಲ. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅವತ್ತೂ ಕೇಳಿಸ್ತು. ನಾಕ್ ಸಲ ಕರ್ದೆ ನೀನು. ನಾಕ್ನೇ ಸಲ ಅಳ್ತಿದ್ದೆ."

ನಾಲ್ಕು ಸಲ. ಎಷ್ಟು ಸಲ ಕರೆದೆ ಎಂದು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ. ಜಗಳದಲ್ಲಿ ನೂರು ಸಲ ಎನ್ನುತ್ತಿದ್ದೆ. ಅತ್ತದ್ದನ್ನಂತೂ ಯಾರಿಗೂ ಹೇಳಿರಲಿಲ್ಲ.

ನೆರಿಗೆ ಹಿಡಿದ ಕೈ ಹಿಡಿದಲ್ಲೇ ನಿಂತಿತು. ನಿಮಗೆ ಕೇಳಿಸಿತ್ತು, ಕೇಳಿಸಿಯೂ ಬರಲಿಲ್ಲ ಎಂದು ಮೂವತ್ತು ವರ್ಷ ನಾನು ಅವರನ್ನು ಚುಚ್ಚಿದ್ದೇನೆ, ಹಂಗಿಸಿದ್ದೇನೆ, ಮಗಳ ಮುಂದೆ, ನೆಂಟರ ಮುಂದೆ ಆಡಿಕೊಂಡಿದ್ದೇನೆ. ಆದರೆ ಒಂದು ದಿನವೂ ಅದನ್ನು ನಂಬಿರಲಿಲ್ಲ. ಈ ಮನುಷ್ಯನಿಗೆ ಕೇಳಿಸಿರಲಿಕ್ಕಿಲ್ಲ, ಕೇಳಿಸಿದ್ದರೆ ಬರುತ್ತಿದ್ದರು ಎಂದು ನಂಬಿಕೊಂಡೇ ಅವರ ಜೊತೆ ಇಷ್ಟು ದೂರ ಬಂದಿದ್ದೆ.

"ಶಶಿ," ಎಂದರು ಹೊರಗಿನಿಂದ.

ಸೀರೆಯ ನೆರಿಗೆಯನ್ನು ಮೊದಲಿನಿಂದ ಹಿಡಿಯತೊಡಗಿದೆ.

"ಶಶಿ... ತಿಂಡಿಗೆ ಹೋಗಣ್ವಾ?"

ಚಪ್ಪರದಲ್ಲಿ ಮತ್ತೆ ಸೈಟಿನ ಮಾತು ಶುರುವಾಗಿತ್ತು. ಅವರು ಇನ್ನೂ ಎರಡು ಸಲ ಕರೆದರು. ಕೊನೆಯ ಸಲ ದನಿ ನಡುಗುತ್ತಿತ್ತು. ನನಗೆ ಚೆನ್ನಾಗಿ ಕೇಳಿಸುತ್ತಿತ್ತು.